ಲೆಟರ್‌ಹೆಡ್ ಆಮೇಲೆ: ಮೆಚ್ಚಿನ ಲೇಖಕರಿಗೊಂದು ಓದುಗರ ಬಳಗ

ಬಳಗ ಕಟ್ಟುವ ಉತ್ಸಾಹ ಬಂದ ವಾರವೇ ಲೆಟರ್‌ಹೆಡ್ ಅಚ್ಚು ಹಾಕಿಸಬೇಡಿ. ನಾವು ಹಾಕಿಸಿದ್ದೆವು. ಮೇಲೆ ಪೂರ್ಣಚಂದ್ರ ತೇಜಸ್ವಿಯವರ ಗಡ್ಡದ ರೇಖಾಚಿತ್ರ, ಎಡಗಡೆ ಗೌರವಾಧ್ಯಕ್ಷರಿಂದ ಹಿಡಿದು ಸಹ ಖಜಾಂಚಿಯವರೆಗೆ ಹನ್ನೊಂದು ಹೆಸರು, ಕೆಳಗೆ ವಿಳಾಸ. ಒಟ್ಟು ಐನೂರು ಹಾಳೆ. ಆರು ತಿಂಗಳೊಳಗೆ ಹನ್ನೊಂದರಲ್ಲಿ ನಾಲ್ವರಿಗೆ ವರ್ಗವಾಯಿತು, ಇಬ್ಬರು ಪರಸ್ಪರ ಮಾತು ಬಿಟ್ಟರು, ವಿಳಾಸದಲ್ಲಿದ್ದ ಅಂಗಡಿಯೇ ಬಾಗಿಲು ಮುಚ್ಚಿತು. ಉಳಿದ ನಾನೂರ ಚಿಲ್ಲರೆ ಹಾಳೆಗಳ ಬೆನ್ನಿನ ಮೇಲೆ ನನ್ನ ಮಗಳು ಎರಡು ವರ್ಷ ಲೆಕ್ಕ ಮಾಡಿದಳು. ಅಷ್ಟರಲ್ಲಿ ನಾವೆಲ್ಲ ಕೂಡಿ ಓದಿದ ಪುಸ್ತಕ ಎಷ್ಟು ಎಂದರೆ, ಒಂದೂ ಇಲ್ಲ. ಒಂದು ಉದ್ಘಾಟನೆ, ಒಂದು ಜಯಂತಿ, ಮೂರು ಕಾರ್ಯಕಾರಿ ಸಮಿತಿ ಸಭೆ.

ಎರಡು ವರ್ಷ ಬಿಟ್ಟು ಮತ್ತೆ ಶುರು ಮಾಡಿದೆವು. ಈ ಸಲ ಪದಾಧಿಕಾರಿಗಳಿಲ್ಲ, ಬ್ಯಾನರ್ ಇಲ್ಲ. ಮೇಜಿನ ಮೇಲೆ ಒಂದು ಪುಸ್ತಕ, ಸುತ್ತ ಏಳೆಂಟು ಕುರ್ಚಿ. ಈ ಎರಡನೆಯದು ಇನ್ನೂ ನಡೆಯುತ್ತಿದೆ. ನಿಮ್ಮೂರಿನಲ್ಲಿ ಇಂಥದ್ದೊಂದನ್ನು ಶುರು ಮಾಡುವ ಯೋಚನೆ ಇದ್ದರೆ, ನಾವು ಬಿದ್ದ ಗುಂಡಿಗಳು ಎಲ್ಲೆಲ್ಲಿವೆ ಎಂದು ಹೇಳಬಲ್ಲೆ.

ಕೂಡಿ ಓದುವುದು ನಮಗೆ ಹೊಸದೇನಲ್ಲ. ಮಳೆಗಾಲದ ರಾತ್ರಿ ಯಾರದೋ ಮನೆಯ ಜಗಲಿಯಲ್ಲಿ ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ಒಬ್ಬರು ರಾಗವಾಗಿ ವಾಚಿಸುವುದು, ಪಕ್ಕದಲ್ಲಿ ಕೂತವರು ಅರ್ಥ ಬಿಡಿಸಿ ಹೇಳುವುದು, ಅಕ್ಷರ ಬಾರದವರೂ ನಡುವೆ ಬಾಯಿ ಹಾಕಿ ಕೇಳುವುದು ತಲೆಮಾರುಗಳಿಂದ ನಡೆದುಬಂದದ್ದೇ. ಗಮಕದಲ್ಲಿ ವಾಚನ ಮತ್ತು ವ್ಯಾಖ್ಯಾನ ಎಂದು ಕೆಲಸ ಹಂಚಿಕೆಯಾಗಿರುವುದು ಬಹಳ ಜಾಣತನದ ಏರ್ಪಾಡು. ಓದುವವನೇ ವಿವರಿಸಲು ಹೊರಟರೆ ಅದು ಭಾಷಣವಾಗುತ್ತದೆ. ಧಾರವಾಡದಲ್ಲಿ 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಸೇರಿದ ಗೆಳೆಯರ ಗುಂಪು, ಮುಂದೆ ಅದೇ ಊರಿನ ಮನೋಹರ ಗ್ರಂಥಮಾಲೆಯ ಅಟ್ಟ, ಬೆಂಗಳೂರಿನಲ್ಲಿ ಡಿ.ವಿ.ಜಿ. 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಅಧ್ಯಯನ ಗೋಷ್ಠಿಗಳು, ಎಲ್ಲದರ ಬೇರೂ ಅದೇ ಜಗಲಿಯಲ್ಲಿದೆ. ಈಗಲೂ ಎಷ್ಟೋ ಊರುಗಳಲ್ಲಿ ಕಗ್ಗ ಓದುವ ಗುಂಪುಗಳು ಸದ್ದಿಲ್ಲದೆ ನಡೆಯುತ್ತಿವೆ.

ಯಾವ ಲೇಖಕರು ಎಂಬುದು ಮೊದಲ ಪ್ರಶ್ನೆ. ‘ನಮಗೆ ಇಷ್ಟವಾದವರು’ ಎಂಬ ಉತ್ತರ ಅರ್ಧ ಮಾತ್ರ ಸರಿ. ಇಷ್ಟದ ಜೊತೆಗೆ ಮೂರು ವರ್ಷ ಓದಿದರೂ ಮುಗಿಯದಷ್ಟು ಬರೆದಿರಬೇಕು, ಪುಸ್ತಕಗಳು ಅಂಗಡಿಯಲ್ಲಿ ಸಿಗುವಂತಿರಬೇಕು, ಊರಿಗೂ ಲೇಖಕರಿಗೂ ಒಂದು ಎಳೆ ಇದ್ದರೆ ಇನ್ನೂ ಒಳ್ಳೆಯದು. ಯಶವಂತ ಚಿತ್ತಾಲರನ್ನು ಓದುವ ಬಳಗಕ್ಕೆ ಹನೇಹಳ್ಳಿಯಷ್ಟೇ ಮುಂಬೈಯೂ ತಕ್ಕ ಜಾಗ. ‘ಶಿಕಾರಿ’ಯ ಆಫೀಸು, ಫ್ಲಾಟು, ಲೋಕಲ್ ರೈಲಿನ ನಗರ ಅಲ್ಲಿನ ಕನ್ನಡಿಗರಿಗೆ ದಿನನಿತ್ಯದ್ದು. ಬೇಂದ್ರೆ ಎಂದರೆ ಗಟ್ಟಿಯಾಗಿ ಓದುವ, ಹಾಡುವ ಗಂಟಲುಗಳು ಬೇಕು; ಮನಸ್ಸಿನಲ್ಲಿ ಓದಿಕೊಂಡು ಬಂದು ಚರ್ಚಿಸುತ್ತೇವೆಂದರೆ ಅರ್ಧ ಬೇಂದ್ರೆ ಮನೆಯಲ್ಲೇ ಉಳಿಯುತ್ತಾರೆ. ಕಾರಂತರ ಬಳಗಕ್ಕೆ ಯಕ್ಷಗಾನ ಗೊತ್ತಿರುವ ಒಬ್ಬರಾದರೂ ಇರಲಿ. 34ನೇ ವಯಸ್ಸಿಗೆ, 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದಿದ ಹೆಂಗಸರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನೂ ಅವರ ಮೊಮ್ಮಕ್ಕಳನ್ನೂ ‘ಶರಪಂಜರ’ದ ಮುಂದೆ ಒಟ್ಟಿಗೆ ಕೂರಿಸಿದರೆ ಆ ಮಧ್ಯಾಹ್ನಕ್ಕೆ ಬೇರೆ ಕಾರ್ಯಸೂಚಿ ಬೇಡ.

ನಮ್ಮದು ಮಲೆನಾಡಿನ ಸೆರಗಿಗೆ ಅಂಟಿಕೊಂಡ ಊರು. ಕಾಫಿ, ಏಲಕ್ಕಿ, ಕಾಳುಮೆಣಸು, ಕೈಕೊಡುವ ಕರೆಂಟು. ತೇಜಸ್ವಿಯವರು ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಬರೆದದ್ದೆಲ್ಲ ನಮಗೆ ಪಕ್ಕದ ಮನೆಯ ಸುದ್ದಿಯಂತೆ ಕೇಳುತ್ತದೆ. ಆಯ್ಕೆಗೆ ಹೆಚ್ಚು ಯೋಚಿಸಬೇಕಾಗಲಿಲ್ಲ.

ಎಷ್ಟು ಜನ ಬೇಕು? ಐದು ಸಾಕು. ಇಪ್ಪತ್ತೈದಾದರೆ ಕಷ್ಟ, ಏಕೆಂದರೆ ಆಗ ಮೈಕು ಬೇಕು, ಮೈಕು ಬಂದ ಕೂಡಲೇ ಒಬ್ಬರು ಮಾತಾಡುವವರು, ಉಳಿದವರು ಕೇಳುವವರು ಎಂದಾಗುತ್ತದೆ. ಆದರೆ ಆ ಐದು ಜನ ಒಂದೇ ಥರದವರಾಗಿರಬಾರದು. ನಮ್ಮ ಮೊದಲ ಪ್ರಯತ್ನದಲ್ಲಿ ಹನ್ನೊಂದರಲ್ಲಿ ಒಂಬತ್ತು ಜನ ಕನ್ನಡ ಮೇಷ್ಟ್ರುಗಳು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಅದರಲ್ಲೊಬ್ಬ. ಆದರೆ ಒಂಬತ್ತು ಮೇಷ್ಟ್ರುಗಳು ಸೇರಿದರೆ ಎಂಟನೆಯವರ ಹೊತ್ತಿಗೆ ನವ್ಯ, ಬಂಡಾಯ ಎಲ್ಲ ಮುಗಿದು ಕಾಫಿ ತಣ್ಣಗಾಗಿರುತ್ತದೆ. ಪುಸ್ತಕ ಇನ್ನೂ ತೆರೆದಿರುವುದಿಲ್ಲ.

ಎರಡನೇ ಸಲ ನಾವು ಬೇರೆಯವರನ್ನು ಹುಡುಕಿಕೊಂಡು ಹೋದೆವು. ಎಸ್ಟೇಟಿನ ರೈಟರೊಬ್ಬರು, ತಾಲ್ಲೂಕು ಆಸ್ಪತ್ರೆಯ ನರ್ಸು, ನಿವೃತ್ತ ಲೈನ್‌ಮನ್, ಪಿಯುಸಿ ಓದುವ ಇಬ್ಬರು ಹುಡುಗಿಯರು, ಮೊಬೈಲ್ ರಿಪೇರಿ ಅಂಗಡಿಯ ಹುಡುಗ. ‘ಕರ್ವಾಲೊ’ ಕೈಗೆತ್ತಿಕೊಂಡಾಗ ಜೇನು ಸಾಕುವ ಒಬ್ಬರನ್ನೂ ಕರೆದೆವು. ಅವರು ಕಾದಂಬರಿ ಅಂತ ಒಂದನ್ನೂ ಓದಿದವರಲ್ಲ, “ಅಲ್ಲಿ ನಂದೇನು ಕೆಲ್ಸ ಮೇಷ್ಟ್ರೇ?” ಎಂದು ಹಿಂಜರಿದರು. ಬರುವಾಗ ಮಾತ್ರ ಒಂದು ಖಾಲಿ ಜೇನುಪೆಟ್ಟಿಗೆಯ ಚೌಕಟ್ಟನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರು. ಜೇನು ಸೊಸೈಟಿಯ ಸುತ್ತ ನಡೆಯುವ ಆರಂಭದ ಪುಟಗಳನ್ನು ಹುಡುಗಿಯೊಬ್ಬಳು ಓದುತ್ತಿದ್ದಂತೆ ಇವರು ಕೈಯೆತ್ತಿ ನಿಲ್ಲಿಸಿದರು. ತುಡುವೆ ಜೇನಿಗೂ ಹೆಜ್ಜೇನಿಗೂ ಏನು ವ್ಯತ್ಯಾಸ, ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಯಾಕೆ ಸಾಕಲಾಗುವುದಿಲ್ಲ, ತುಡುವೆ ಯಾವಾಗ ಮುನಿಸಿಕೊಂಡು ಗೂಡು ಬಿಟ್ಟು ಹೋಗುತ್ತದೆ, ಎರಿ ಕಟ್ಟುವಾಗ ಎಷ್ಟು ಜಾಗ ಬಿಡುತ್ತದೆ ಎಂದು ಆ ಚೌಕಟ್ಟಿನ ಮೇಲೆ ಬೆರಳಿಟ್ಟು ತೋರಿಸಿದರು. ಇಪ್ಪತ್ತು ನಿಮಿಷ. ಆಮೇಲೆ “ಮುಂದೆ ಓದಮ್ಮ, ಆ ಮಂದಣ್ಣ ಏನಾದ?” ಎಂದರು. ನಾನು ಆ ಕಾದಂಬರಿಯನ್ನು ಹದಿನಾಲ್ಕು ವರ್ಷ ಪಾಠ ಮಾಡಿದವನು. ಮಂದಣ್ಣನಿಗೆ ಗೊತ್ತಿದ್ದದ್ದು ಎಂಥ ವಿದ್ಯೆ ಎಂದು ನನಗೆ ಹೊಳೆದದ್ದು ಅವತ್ತೇ.

ಮೊದಲ ಕೂಟಕ್ಕೆ ಕಾದಂಬರಿ ಬೇಡ, ಸಣ್ಣಕಥೆ ಇರಲಿ. ‘ಓದಿಕೊಂಡು ಬನ್ನಿ’ ಎಂದರೆ ಅರ್ಧ ಜನ ಓದಿರುವುದಿಲ್ಲ, ಓದಿಲ್ಲವೆಂಬ ನಾಚಿಕೆಗೆ ಮುಂದಿನ ಸಲ ಬರುವುದೂ ಇಲ್ಲ. ಅಲ್ಲೇ ಕೂತು ಓದಿದರೆ ಎಲ್ಲರೂ ಸಮ. ‘ತಬರನ ಕಥೆ’ ಇದಕ್ಕೆ ಹೇಳಿ ಮಾಡಿಸಿದ್ದು. ಪಿಂಚಣಿಗಾಗಿ ಅಲೆಯುವ ಮುದುಕನ ಕತೆಯನ್ನು ಕೇಳಿ ಸುಮ್ಮನೆ ಎದ್ದುಹೋದ ಗುಂಪನ್ನು ನಾನು ಕಂಡಿಲ್ಲ; ಪ್ರತಿಯೊಬ್ಬರಿಗೂ ಹೇಳಲು ತಮ್ಮದೇ ಒಂದು ಕಚೇರಿ ಇರುತ್ತದೆ. ಓದುವವರು ನಾಲ್ಕೈದು ಪುಟಕ್ಕೊಮ್ಮೆ ಬದಲಾಗಲಿ. ತಡವರಿಸಿದರೆ ತಿದ್ದಬೇಡಿ. ಯಾರಿಗಾದರೂ ಓದಲು ಮನಸ್ಸಿಲ್ಲದಿದ್ದರೆ ಪುಸ್ತಕ ಪಕ್ಕದವರಿಗೆ ದಾಟಲಿ, ಕಾರಣ ಕೇಳುವುದು ಬೇಡ.

ಆಮೇಲಿನ ಚರ್ಚೆ ತಾನಾಗಿ ನಡೆಯುತ್ತದೆ ಎಂದು ನಂಬಬೇಡಿ. ‘ಕಥೆ ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’ ಎಂಬಲ್ಲಿಗೆ ಮುಗಿಯಿತು. ಕೂಟ ನಡೆಸುವವರು ಮನೆಯಿಂದಲೇ ಎರಡು ಮೊಂಡು ಪ್ರಶ್ನೆ ತಯಾರು ಮಾಡಿಕೊಂಡು ಬರಬೇಕು. ‘ಕರ್ವಾಲೊ’ಗೆ ನಾವು ಇಟ್ಟುಕೊಂಡದ್ದು ಇದು: ಅಷ್ಟು ಕಾಡು ಅಲೆದು ಕಂಡ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ಹೋದದ್ದು ಸೋಲೇ, ಅಲ್ಲವೇ? ಒಂದೂವರೆ ಗಂಟೆ ಕಾಲ ಲೈನ್‌ಮನ್ ಒಂದು ಕಡೆ, ನರ್ಸ್ ಇನ್ನೊಂದು ಕಡೆ. ‘ಚಿದಂಬರ ರಹಸ್ಯ’ದ ಕೆಸರೂರು ಓದಿದಾಗ ಪ್ರಶ್ನೆಯೇ ಬೇಕಾಗಲಿಲ್ಲ, ಅದು ನಮ್ಮೂರೇ ಎಂದು ಮೂವರು, ಖಂಡಿತ ಅಲ್ಲ ಎಂದು ಐವರು. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ ಎಂಬುದನ್ನು ಎಲ್ಲರೂ ಮರೆತು ತಮ್ಮ ಬೀದಿಯ ಜಗಳವನ್ನೇ ಮುಂದುವರಿಸಿದರು. ಹಾಗೆ ಆಗಬೇಕಾದ್ದೇ.

ಎಲ್ಲ ಕೂಟದಲ್ಲೂ ಒಬ್ಬರು ಇರುತ್ತಾರೆ: ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲವರು. ಅವರನ್ನು ತಡೆದರೆ ಮುನಿಸು, ಬಿಟ್ಟರೆ ಉಳಿದವರು ಖಾಲಿ. ಎಲ್ಲರೂ ಒಂದು ಸುತ್ತು ಮಾತಾಡಿದ ಮೇಲೆಯೇ ಯಾರಿಗಾದರೂ ಎರಡನೇ ಸುತ್ತು ಎಂಬ ನಿಯಮವನ್ನು ಮೊದಲ ದಿನವೇ, ಯಾರ ಮೇಲೂ ಸಿಟ್ಟಿಲ್ಲದಾಗಲೇ ಮಾಡಿಬಿಡಿ. ಜೊತೆಗೆ ಅವರಿಗೊಂದು ಕೆಲಸ ಕೊಡಿ. ನಮ್ಮವರಿಗೆ ನಡಾವಳಿ ಬರೆಯುವ ಕೆಲಸ ಕೊಟ್ಟೆವು. ಬರೆಯುವ ಕೈ ಇದ್ದಾಗ ಬಾಯಿಗೆ ಸ್ವಲ್ಪ ವಿಶ್ರಾಂತಿ. ಆ ನಡಾವಳಿ ಪುಸ್ತಕ ಈಗ ನಮ್ಮ ಬಳಗದ ಅತ್ಯಂತ ಬೆಲೆಬಾಳುವ ಆಸ್ತಿ. ಯಾವ ತಾರೀಕು, ಯಾವ ಪುಸ್ತಕ, ಎಷ್ಟನೇ ಪುಟದವರೆಗೆ, ಯಾರು ಏನು ತಕರಾರು ತೆಗೆದರು, ಎಲ್ಲ ಅದರಲ್ಲಿದೆ.

ಹೊತ್ತಿನ ವಿಷಯದಲ್ಲಿ ನಾವು ಮಾಡಿದ ತಪ್ಪು ನಮಗೆ ಒಂದು ವರ್ಷ ಕಾಣಲೇ ಇಲ್ಲ. ಸಂಜೆ ಏಳಕ್ಕೆ ಸೇರುತ್ತಿದ್ದೆವು, ಬರುತ್ತಿದ್ದವರಲ್ಲಿ ಹೆಚ್ಚಿನವರು ಗಂಡಸರು. ‘ಹೆಂಗಸರಿಗೆ ಆಸಕ್ತಿ ಕಡಿಮೆ’ ಎಂದು ನಾವೇ ತೀರ್ಪು ಕೊಟ್ಟುಕೊಂಡಿದ್ದೆವು. ನರ್ಸ್ ಒಂದು ದಿನ ಕೇಳಿದರು, “ಏಳು ಗಂಟೆಗೆ ನಿಮ್ಮನೇಲಿ ಅಡುಗೆ ಯಾರು ಮಾಡ್ತಾರೆ ಸರ್?” ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಮೂರೂವರೆಗೆ ಬದಲಾಯಿಸಿದ ಮೇಲೆ ಬಳಗದ ಚಹರೆಯೇ ಬೇರೆಯಾಯಿತು. ದಿನ ನಿಗದಿಯಾದ ಮೇಲೆ ಕದಲಿಸಬೇಡಿ. ಮಳೆ ಬರಲಿ, ಮದುವೆ ಸೀಸನ್ ಇರಲಿ, ಮೂವರೇ ಬಂದರೂ ಓದಿ. ‘ಈ ತಿಂಗಳು ಇದೆಯಾ?’ ಎಂದು ಜನ ಫೋನು ಮಾಡಿ ಕೇಳುವ ಸ್ಥಿತಿ ಬಂದರೆ ಬಳಗ ಜಾರುತ್ತಿದೆ ಎಂದರ್ಥ.

ಜಾಗಕ್ಕೆ ಮೊದಲು ಸಾರ್ವಜನಿಕ ಗ್ರಂಥಾಲಯವನ್ನೇ ಕೇಳಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿವೆ. ಅಲ್ಲಿನ ಮೇಲ್ವಿಚಾರಕರಿಗೆ ಓದುಗರು ಬಂದು ಕೂರುವುದೇ ದೊಡ್ಡ ಸಮಾಧಾನ. ಭಾನುವಾರ ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಶಾಲೆಯ ಕೋಣೆ ಸಿಕ್ಕರೆ ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿ ಅರ್ಜಿ ಕೊಡಿ, ಬೀಗದ ಕೈ ಯಾರ ಹತ್ತಿರ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಾವು ಒಮ್ಮೆ ಬೀಗ ಹಾಕಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತೇ ‘ಪರಿಸರದ ಕಥೆ’ ಓದಿದೆವು. ಕೆಟ್ಟ ಅನುಭವವೇನಲ್ಲ, ಸೊಳ್ಳೆ ಜಾಸ್ತಿ ಅಷ್ಟೆ. ಮನೆಗಳಲ್ಲಿ ಸರದಿಯ ಮೇಲೆ ಸೇರುವುದನ್ನು ಮಾತ್ರ ನಾನು ಶಿಫಾರಸು ಮಾಡುವುದಿಲ್ಲ. ಮೊದಲ ಮನೆಯಲ್ಲಿ ಕಾಫಿ, ಎರಡನೆಯದರಲ್ಲಿ ಉಪ್ಪಿಟ್ಟು, ಮೂರನೆಯದರಲ್ಲಿ ಕೇಸರಿಬಾತು, ನಾಲ್ಕನೆಯವರಿಗೆ ದಿಗಿಲು.

ದುಡ್ಡು ಕಡಿಮೆ ಇದ್ದಷ್ಟೂ ಜಗಳ ಕಡಿಮೆ. ನಮ್ಮದು ತಲೆಗೆ ತಿಂಗಳಿಗೆ 50 ರೂಪಾಯಿ, ವಿದ್ಯಾರ್ಥಿಗಳಿಗೆ ಇಲ್ಲ. ಹದಿನೈದು ಜನ ಕೊಟ್ಟರೆ 750. ಟೀ, ಬಿಸ್ಕತ್ತು ಕಳೆದು ಉಳಿದದ್ದರಲ್ಲಿ ಎರಡು ತಿಂಗಳಿಗೊಮ್ಮೆ ಪುಸ್ತಕ ಕೊಳ್ಳುತ್ತೇವೆ. ಒಂದೇ ಪುಸ್ತಕದ ನಾಲ್ಕೈದು ಪ್ರತಿ ಕೊಂಡು ಕೈಯಿಂದ ಕೈಗೆ ದಾಟಿಸುವುದು ನಮಗೆ ಒಗ್ಗಿದ ಕ್ರಮ. ಪ್ರಕಾಶಕರಿಗೇ ಬರೆದು ಹೆಚ್ಚು ಪ್ರತಿ ಒಟ್ಟಿಗೆ ತರಿಸಿದರೆ ರಿಯಾಯಿತಿ ಸಿಗುವುದುಂಟು; ತೇಜಸ್ವಿಯವರ ಪುಸ್ತಕಗಳು ಅವರೇ ಹುಟ್ಟುಹಾಕಿದ ಪುಸ್ತಕ ಪ್ರಕಾಶನದಿಂದ ಬಂದಿರುವುದರಿಂದ ಹತ್ತು ಕಡೆ ಅಲೆಯಬೇಕಾಗಿಲ್ಲ. ರಸೀದಿ ಪುಸ್ತಕ ಇಡಿ, ಐವತ್ತು ರೂಪಾಯಿಗೂ ರಸೀದಿ ಹರಿಯಿರಿ. ಪ್ರತಿ ಕೂಟದ ಕೊನೆಗೆ ಖಜಾಂಚಿ ಎದ್ದು ನಿಂತು ಕೈಯಲ್ಲಿ ಎಷ್ಟಿದೆ ಎಂದು ಓದಿ ಹೇಳಲಿ. ಅರ್ಧ ನಿಮಿಷದ ಕೆಲಸ, ಆದರೆ ಹತ್ತು ವರ್ಷದ ಅನುಮಾನವನ್ನು ತಪ್ಪಿಸುತ್ತದೆ.

ಇನ್ನು ಜಯಂತಿ. ಕನ್ನಡದ ಸಾಹಿತ್ಯ ಸಂಘಗಳಿಗೆ ತಗಲುವ ದೊಡ್ಡ ಕಾಯಿಲೆ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲೇಖಕರು ಹುಟ್ಟಿದ ದಿನ ಹತ್ತಿರ ಬಂದಂತೆ ಯಾರಾದರೊಬ್ಬರು ‘ಒಂದು ಕಾರ್ಯಕ್ರಮ ಮಾಡೋಣ’ ಎನ್ನುತ್ತಾರೆ. ಶಾಮಿಯಾನ, ಮೈಕ್ ಸೆಟ್, ಫ್ಲೆಕ್ಸ್. ಫ್ಲೆಕ್ಸಿನಲ್ಲಿ ಲೇಖಕರ ಫೋಟೊ ಅಂಚೆಚೀಟಿಯಷ್ಟು, ದಾನಿಗಳದ್ದು ಬಾಗಿಲಷ್ಟು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಆಮೇಲೆ ವೇದಿಕೆಯ ಮೇಲಿನ ಹದಿಮೂರು ಜನಕ್ಕೆ ಶಾಲು, ಹಾರ, ಪೇಟ, ನೆನಪಿನ ಕಾಣಿಕೆ. ಮುಖ್ಯ ಭಾಷಣದ ಹೊತ್ತಿಗೆ ಕೊನೆಯ ಬಸ್ಸಿನ ಸಮಯ. ತೇಜಸ್ವಿಯವರ ಮದುವೆ 1966ರಲ್ಲಿ ಆದದ್ದು ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ರೀತಿಯಲ್ಲಿ, ಪುರೋಹಿತರಿಲ್ಲದೆ, ಆಡಂಬರವಿಲ್ಲದೆ. ಅಂಥವರ ಹೆಸರಿನಲ್ಲಿ ಪೇಟ ತೊಡಿಸಿಕೊಳ್ಳುವುದಕ್ಕೆ ಧೈರ್ಯ ಬೇಕು. ನಮ್ಮ ಮೊದಲ ಬಳಗಕ್ಕೆ ಆ ಧೈರ್ಯ ಧಾರಾಳವಾಗಿತ್ತು. ಖರ್ಚಾದ ಹಣದಲ್ಲಿ ‘ಕರ್ವಾಲೊ’ದ ಅರವತ್ತು ಪ್ರತಿ ಬರುತ್ತಿತ್ತು ಎಂದು ಆಮೇಲೆ ಲೆಕ್ಕ ಹಾಕಿದೆ.

ಈಗ ಸೆಪ್ಟೆಂಬರ್ 8ಕ್ಕೆ, ಎಂದರೆ 1938ರಲ್ಲಿ ಅವರು ಹುಟ್ಟಿದ ದಿನಕ್ಕೆ, ನಾವು ಹತ್ತಿರದ ಒಂದು ಪ್ರೌಢಶಾಲೆಗೆ ಹೋಗುತ್ತೇವೆ. ಬೆಳಗ್ಗೆ ಆರಕ್ಕೆ ಮಕ್ಕಳ ಜೊತೆ ಕೆರೆ ಏರಿಯ ಮೇಲೆ ಹಕ್ಕಿ ನೋಡುವುದು, ಎಂಟಕ್ಕೆ ಚಿತ್ರಾನ್ನ, ಒಂಬತ್ತಕ್ಕೆ ಅವರ ಒಂದು ಬರಹ ಗಟ್ಟಿಯಾಗಿ ಓದುವುದು, ಹತ್ತಕ್ಕೆ ಶಾಲೆ ಶುರುವಾಗುವಷ್ಟರಲ್ಲಿ ಜಾಗ ಖಾಲಿ. ಹಕ್ಕಿ ಕಾಣದ ವರ್ಷವೂ ಇತ್ತು. ಹುಡುಗರು ಏಡಿ ಹಿಡಿದು ಖುಷಿಪಟ್ಟರು.

ಕಾನೂನಿನ ಒಂದು ವಿಷಯವನ್ನು ಪ್ರತಿಯೊಂದು ಬಳಗವೂ ತಿಳಿದಿರಬೇಕು, ಅದು ಹಕ್ಕುಸ್ವಾಮ್ಯ. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರ ಜೀವಿತಾವಧಿಗೆ ಬರಹದ ಮೇಲಿನ ಹಕ್ಕು ಇರುತ್ತದೆ, ಅವರು ತೀರಿಕೊಂಡ ಮರು ವರ್ಷದ ಮೊದಲ ದಿನದಿಂದ ಎಣಿಸಿ ಇನ್ನೂ 60 ವರ್ಷ ಉಳಿಯುತ್ತದೆ. ತೇಜಸ್ವಿಯವರು ತೀರಿಕೊಂಡದ್ದು 2007ರ ಏಪ್ರಿಲ್ 5. ಆದ್ದರಿಂದ 2067ರ ಕೊನೆಯವರೆಗೂ ಹಕ್ಕು ವಾರಸುದಾರರದ್ದು. ಕಾರಂತರದ್ದು 2057ರವರೆಗೆ, ಬೇಂದ್ರೆಯವರದ್ದು 2041ರವರೆಗೆ. ತ್ರಿವೇಣಿಯವರ ಬರಹಗಳ ಅವಧಿ 2023ರ ಕೊನೆಗೆ ಮುಗಿಯಿತು. ಪಂಜೆ ಮಂಗೇಶರಾಯರು, ಬಿ.ಎಂ.ಶ್ರೀ. ಯಾವಾಗಲೋ ಮುಕ್ತ. ಹಾಗಾದರೆ ಏನು ಮಾಡಬಹುದು, ಏನು ಮಾಡಬಾರದು? ಪ್ರಕಟವಾದ ಪುಸ್ತಕದ ಒಂದು ಹದವಾದ ಭಾಗವನ್ನು ಸಾರ್ವಜನಿಕವಾಗಿ ಓದಲು ಕಾಯಿದೆಯೇ ಅವಕಾಶ ಕೊಟ್ಟಿದೆ. ವಿಮರ್ಶೆಗಾಗಿ ಉದ್ಧರಿಸಬಹುದು. ಹವ್ಯಾಸಿ ಸಂಘ ಟಿಕೆಟ್ಟಿಲ್ಲದೆ ನಾಟಕವಾಡುವುದಕ್ಕೂ ರಿಯಾಯಿತಿ ಇದೆ. ಪ್ರವೇಶಕ್ಕೆ ದುಡ್ಡು ತೆಗೆದುಕೊಂಡ ಕ್ಷಣ ಅದು ಹೋಯಿತು. ಕತೆಯನ್ನು ನೀವೇ ನಾಟಕವಾಗಿ ಮಾರ್ಪಡಿಸಲು, ಕಿರುಚಿತ್ರ ಮಾಡಲು, ಧ್ವನಿಮುದ್ರಿಸಿ ಹಂಚಲು, ಸ್ಮರಣ ಸಂಚಿಕೆಯಲ್ಲಿ ಇಡೀ ಕತೆ ಮರುಮುದ್ರಿಸಲು ಅನುಮತಿ ಬೇಕೇ ಬೇಕು. ‘ತಬರನ ಕಥೆ’ಯಂಥ ಸಿನಿಮಾವನ್ನು ಸಾರ್ವಜನಿಕವಾಗಿ ತೋರಿಸುವುದಿದ್ದರೂ ಅದರ ಹಕ್ಕುದಾರರನ್ನು ಕೇಳಬೇಕು.

ಬಳಗದ ವಾಟ್ಸಾಪ್ ಗುಂಪಿಗೆ ಪುಸ್ತಕವನ್ನೇ ಸ್ಕ್ಯಾನ್ ಮಾಡಿ ಹಾಕುವವರು ಒಬ್ಬರಾದರೂ ಸಿಗುತ್ತಾರೆ, ಅದೂ ಬಹಳ ಉದಾರ ಮನಸ್ಸಿನಿಂದ. ನಮ್ಮಲ್ಲಿ ಮೊಬೈಲ್ ಅಂಗಡಿಯ ಹುಡುಗ ಹಾಕಿದ್ದ. ತೆಗೆಸಿದೆವು. ಲೇಖಕರನ್ನು ಮೆಚ್ಚಿ ಕಟ್ಟಿದ ಬಳಗವೇ ಅವರ ಪುಸ್ತಕದ ಮಾರಾಟಕ್ಕೆ ಕಲ್ಲು ಹಾಕಿದಂತಾಗುತ್ತದೆ ಎಂದು ಹೇಳಿದಾಗ ಅವನಿಗೆ ಬೇಸರವಾಯಿತು, ಆದರೆ ಒಪ್ಪಿದ. ಓದುಗರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ದಿಕ್ಕಿನ ಉದಾಹರಣೆಯೂ ಇದೆ: 2023ರಲ್ಲಿ ತೆರೆಗೆ ಬಂದ ‘ಡೇರ್‌ಡೆವಿಲ್ ಮುಸ್ತಾಫಾ’ ಚಿತ್ರಕ್ಕೆ ತೇಜಸ್ವಿ ಓದುಗರೇ ಕೂಡಿ ಹಣ ಹಾಕಿದ್ದರು.

ನೋಂದಣಿಯ ಬಗ್ಗೆ ಎಲ್ಲರೂ ಮೊದಲ ವಾರವೇ ಕೇಳುತ್ತಾರೆ. ಒಂದು ವರ್ಷವಾದರೂ ಓದಿದ ಮೇಲೆ ನೋಡೋಣ ಎನ್ನಿ. ಹತ್ತು ಜನ ಸೇರಿ ಪುಸ್ತಕ ಓದಲು ಯಾವ ನೋಂದಣಿಯೂ ಬೇಡ. ಬ್ಯಾಂಕ್ ಖಾತೆ ಬೇಕೆನಿಸಿದಾಗ, ಸ್ವಂತ ಗ್ರಂಥಭಂಡಾರ ಬೆಳೆದಾಗ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಂಥ ಕಡೆ ಧನಸಹಾಯಕ್ಕೆ ಅರ್ಜಿ ಹಾಕುವಾಗ ಅದರ ಅಗತ್ಯ ಬೀಳುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಕನಿಷ್ಠ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. ಸಾಹಿತ್ಯದ ಉದ್ದೇಶಕ್ಕೆ ಅದರಲ್ಲಿ ಸ್ಪಷ್ಟ ಜಾಗವಿದೆ. ಅರ್ಜಿ ಹೋಗುವುದು ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ, ಅಂದರೆ ಸಹಕಾರ ಇಲಾಖೆಯ ಕಡೆಗೆ. ಸಂಘದ ಹೆಸರು, ಕಚೇರಿ ವಿಳಾಸ, ಉದ್ದೇಶ, ಆಡಳಿತ ಮಂಡಳಿಯವರ ಹೆಸರು ಮತ್ತು ಉದ್ಯೋಗ ಇರುವ ಜ್ಞಾಪನ ಪತ್ರ, ಜೊತೆಗೆ ಬೈಲಾ ಕೊಡಬೇಕು.

ಬೈಲಾವನ್ನು ಇನ್ನೊಂದು ಸಂಘದ್ದನ್ನು ತಂದು ಹೆಸರು ಬದಲಿಸಿ ಕೊಡುವುದು ರೂಢಿ. ಹಾಗೆ ಮಾಡಿದರೆ ನಿಮ್ಮ ಓದುಗರ ಬಳಗದ ಉದ್ದೇಶಗಳಲ್ಲಿ ಗೋಶಾಲೆ, ಕ್ರೀಡಾಕೂಟ, ಉಚಿತ ಹೊಲಿಗೆ ತರಬೇತಿ ಎಲ್ಲ ಸೇರಿಕೊಂಡಿರುತ್ತವೆ. ಕೂತು ನೀವೇ ಬರೆಯಿರಿ. ಅಧ್ಯಕ್ಷರ ಅವಧಿ ಎರಡು ವರ್ಷ, ಸತತ ಎರಡನೇ ಬಾರಿ ಇಲ್ಲ ಎಂದು ಬರೆದುಬಿಟ್ಟರೆ ಅರ್ಧ ತಂಟೆ ತಪ್ಪುತ್ತದೆ. ನೋಂದಣಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ಏರಿಸಿದ ಮೇಲೆ ಕೆಲಸ ಮುಗಿಯಿತೆಂದುಕೊಂಡವರೇ ಹೆಚ್ಚು. ಪ್ರತಿವರ್ಷ ಸರ್ವಸದಸ್ಯರ ಸಭೆ ಕರೆಯಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಾಲ್ಕು ವರ್ಷ ಮರೆತು ಐದನೇ ವರ್ಷ ಧನಸಹಾಯದ ಅರ್ಜಿ ಹಿಡಿದು ಹೋದಾಗ ಹಳೆಯದನ್ನೆಲ್ಲ ಸರಿಪಡಿಸಲು ಓಡಾಡುವುದಿದೆಯಲ್ಲ, ತಬರನ ಕಷ್ಟ ಆಗ ಸ್ವಂತ ಅನುಭವಕ್ಕೆ ಬರುತ್ತದೆ.

ಲೇಖಕರ ಹೆಸರನ್ನೇ ಸಂಘಕ್ಕೆ ಇಡುವುದಾದರೆ ಅವರಿಗೋ ಮನೆಯವರಿಗೋ ಒಂದು ಪತ್ರ ಬರೆದು ತಿಳಿಸುವುದು ಮರ್ಯಾದೆ. ಲೇಖಕರು ಬದುಕಿದ್ದರೆ ಇನ್ನೊಂದು ಎಚ್ಚರ ಬೇಕು. ಅವರು ಎದುರಿಗೆ ಕೂತಿದ್ದಾಗ ಎಲ್ಲ ಪುಸ್ತಕವೂ ಶ್ರೇಷ್ಠವಾಗಿಬಿಡುತ್ತದೆ. ವರ್ಷಕ್ಕೊಮ್ಮೆ ಕರೆಯಿರಿ, ಅದೂ ಒಂದೆರಡು ಪುಸ್ತಕ ಪೂರ್ತಿ ಓದಿ ಜಗಳವಾಡಿ ಮುಗಿಸಿದ ಮೇಲೆ. ತೀರಿಹೋದವರ ಬಗ್ಗೆ ಈ ಸಂಕೋಚ ಇರುವುದಿಲ್ಲ ಎಂದುಕೊಂಡರೆ ಅದೂ ಸುಳ್ಳು. ಅಭಿಮಾನಿಗಳು ಲೇಖಕರಿಗಿಂತ ಬೇಗ ಮುನಿಸಿಕೊಳ್ಳುತ್ತಾರೆ. ‘ಕಿರಗೂರಿನ ಗಯ್ಯಾಳಿಗಳು’ ಓದಿದ ದಿನ ಪಿಯುಸಿ ಹುಡುಗಿ, “ಇವ್ರು ಬೇರೆ ಪುಸ್ತಕಗಳಲ್ಲಿ ಕಾಡಿಗೆ ಹೋಗೋವಾಗ ಹೆಂಗಸ್ರನ್ನ ಯಾಕೆ ಕರ್ಕೊಂಡು ಹೋಗಲ್ಲ?” ಎಂದು ಕೇಳಿದಳು. ಒಬ್ಬರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟರು. ಎಸ್ಟೇಟ್ ರೈಟರು ಮಾತ್ರ ತಣ್ಣಗೆ, “ಕೂತ್ಕೊಳ್ಳಿ ಸಾರ್, ಕೂಸು ಕೇಳಿದ್ದಕ್ಕೆ ಉತ್ರ ಕೊಟ್ಟು ಹೋಗಿ” ಎಂದರು. ಉತ್ತರ ಹುಡುಕಲು ನಾವು ಎರಡು ತಿಂಗಳು ತೆಗೆದುಕೊಂಡೆವು. ಆ ನೆಪದಲ್ಲಿ ‘ಅಣ್ಣನ ನೆನಪು’ ಓದಿದೆವು, ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ಯನ್ನೂ ಓದಿದೆವು. ಎರಡನ್ನೂ ಹಿಂದುಮುಂದಾಗಿ ಓದಿದ್ದು ನಮ್ಮ ಬಳಗದ ಅತ್ಯುತ್ತಮ ಕಾಲ. ಪ್ರಶ್ನೆ ಕೇಳಿದವಳನ್ನು ಅವತ್ತು ಸುಮ್ಮನಾಗಿಸಿದ್ದರೆ ಅದು ಆಗುತ್ತಿರಲಿಲ್ಲ.

ವರ್ಷಕ್ಕೊಂದು ತಿರುಗಾಟ ಇಟ್ಟುಕೊಳ್ಳಿ. ಕುಪ್ಪಳಿಯ ಕವಿಮನೆ ಮತ್ತು ಕವಿಶೈಲ, ಪುತ್ತೂರಿನ ಕಾರಂತರ ಬಾಲವನ, ಧಾರವಾಡದ ಸಾಧನಕೇರಿ ಇವೆಲ್ಲ ಬರುವವರಿಗೆ ತೆರೆದಿರುವ ಜಾಗಗಳು. ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ. ಮೂಡಿಗೆರೆಯ ಅವರ ಮನೆ ‘ನಿರುತ್ತರ’ದ ಮುಂದೆ ಹೋಗಿ ಗೇಟಿನ ಸದ್ದು ಮಾಡಬೇಡಿ, ಅದು ಮನೆ, ಮ್ಯೂಸಿಯಂ ಅಲ್ಲ. ತಿರುಗಾಟದಲ್ಲೂ ಪುಸ್ತಕ ಜೊತೆಗಿರಲಿ. ಇಲ್ಲವಾದರೆ ಅದು ವ್ಯಾನಿನಲ್ಲಿ ಅಂತ್ಯಾಕ್ಷರಿ ಆಡಿಕೊಂಡು ಜಲಪಾತ ನೋಡಿ ಬರುವ ಪಿಕ್ನಿಕ್. ಅದಕ್ಕೆ ನನ್ನ ವಿರೋಧವಿಲ್ಲ, ಬಳಗದ ಖಾತೆಯಿಂದ ಡೀಸೆಲ್ ಹಾಕಿಸಬಾರದು ಅಷ್ಟೆ.

ಕೊನೆಯದಾಗಿ, ಬೈಲಾ ಬರೆಯುವಾಗ ಯಾರೂ ಬರೆಯಲು ಇಷ್ಟಪಡದ ಒಂದು ಕಲಮು: ಬಳಗ ಮುಚ್ಚಿದರೆ ಆಸ್ತಿ ಯಾರಿಗೆ? ನೋಂದಾಯಿತ ಸಂಘ ವಿಸರ್ಜನೆಯಾದಾಗ ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ನಮ್ಮ ಸಭೆಯಲ್ಲಿ ಈ ಕಲಮು ಬಂದಾಗ ಅಪಶಕುನ ಎಂಬಂತೆ ಎಲ್ಲರೂ ಸುಮ್ಮನಾದರು. ಜೇನಿನವರೇ, ಅವರು ಈಗ ನಮ್ಮ ಖಜಾಂಚಿ, “ಗೂಡು ಬಿಟ್ಟು ಹೋಗೋವಾಗ ಹುಳ ಎರಿ ಹೊತ್ಕೊಂಡು ಹೋಗತ್ತಾ? ಬರೀರಿ” ಎಂದರು. ಹೈಸ್ಕೂಲಿನ ಲೈಬ್ರರಿಗೆ ಎಂದು ಬರೆದೆವು. ಅವತ್ತಿನ ನಡಾವಳಿಯ ಪ್ರಕಾರ ಆಸ್ತಿ ಇಷ್ಟು: ಪುಸ್ತಕ 43, ಅದರಲ್ಲಿ ರಟ್ಟು ಹರಿದದ್ದು 5, ಕಬ್ಬಿಣದ ಟ್ರಂಕು 1, ಫ್ಲಾಸ್ಕು 1, ಜೇನು ಚೌಕಟ್ಟು 1, ಲೆಟರ್‌ಹೆಡ್ ಹಾಳೆ, ಒಂದು ಬದಿ ಬಳಸಿದ್ದು, 12.